ಕೆಟ್ಟ ದಿನಕ್ಕೆಂದು ಇಟ್ಟ ನೀರು

ನಮ್ಮ ಓಣಿಗೆ ನೀರು ಬರುವುದು ಮಂಗಳವಾರ. ಪೈಪಿನಲ್ಲಿ ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ಯಾರೋ ಕೆಮ್ಮಿದ ಹಾಗೆ ಸದ್ದಾಗುತ್ತದೆ, ಆಮೇಲೆ ನೀರು. ಅಷ್ಟರಲ್ಲಿ ಕೆಳಗಿನಿಂದ ಮೇಲಿನವರೆಗೆ ಎಲ್ಲ ಮನೆಗಳಲ್ಲೂ ವಾಷಿಂಗ್ ಮೆಷಿನ್ ತಿರುಗಲು ಶುರುವಾಗಿರುತ್ತದೆ, ನೆಲದ ಮೇಲೆ ಸೋಪಿನ ನೀರು ಬಿದ್ದಿರುತ್ತದೆ, ಮಕ್ಕಳನ್ನು ಹಿಡಿದು ತಂದು ತಲೆ ತೊಳೆಯುತ್ತಿರುತ್ತಾರೆ. ಝರ್ಕಾ ಊರಿನ ಬೇರೆ ಓಣಿಗಳಿಗೆ ಬೇರೆ ಬೇರೆ ದಿನ. ನಮ್ಮಲ್ಲಿ ಮಾತ್ರ ಮಂಗಳವಾರ ಯಾರೂ ಯಾರ ಮನೆಗೂ ಹೋಗುವುದಿಲ್ಲ.

ಮೂರನೆಯ ಮಹಡಿಯ ಫೌಝಿಯ ಮನೆಯಲ್ಲಿ ಆ ದಿನ ತೊಳೆಯುವ ಕೆಲಸದ ಜೊತೆಗೆ ಜಗಳವೂ ಇರುತ್ತಿತ್ತು. ಫೌಝಿ ಅಮ್ಮಾನಿನ ದಾರಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು. ಹೆಂಡತಿ ನಝೀರಾ. ಮಗ ಮರ್ವಾನ್ ಫ್ರಿಜ್ ರಿಪೇರಿ ಮಾಡುತ್ತಾನೆ. ಮಗಳು ಹಿಯಾಮ್ ಶಿಶುವಿಹಾರದಲ್ಲಿ ಟೀಚರು, ಇನ್ನೂ ಮದುವೆಯಾಗಿಲ್ಲ. ಸೊಸೆ ಲಮೀಸ್ ಸಿರಿಯಾದ ಹೋಮ್ಸ್ ಊರಿನವಳು. ಯುದ್ಧದ ಕಾಲದಲ್ಲಿ ಗಡಿ ದಾಟಿ ಬಂದವಳನ್ನು ಮರ್ವಾನ್ ತಾನೇ ಮೆಚ್ಚಿ ಮದುವೆಯಾಗಿದ್ದ. ಅವರಿಗೊಂದು ಹೆಣ್ಣುಮಗು, ತಾಲಾ.

ಎಲ್ಲರ ತೊಳೆಯುವ ಕೆಲಸ ಮುಗಿದು, ಮಾಳಿಗೆಯ ಮೇಲಿನ ಟ್ಯಾಂಕುಗಳೂ ತುಂಬಿದ ಮೇಲೆ ಲಮೀಸಳ ಕೆಲಸ ಶುರುವಾಗುತ್ತಿತ್ತು. ಜ್ಯೂಸಿನ ಬಾಟಲಿ, ವಿನೆಗರ್ ಬಾಟಲಿ, ಇಪ್ಪತ್ತು ಲೀಟರಿನ ಕ್ಯಾನು, ಯಾವುದಿದ್ದರೂ ಬಿಸಿನೀರು ಸೋಪು ಹಾಕಿ ಕುಲುಕಿ ತೊಳೆಯುವಳು, ಮೂಗಿನ ಹತ್ತಿರ ಹಿಡಿದು ನೋಡುವಳು, ನೀರು ತುಂಬಿ ಒಂದೆರಡು ತೊಟ್ಟು ಬ್ಲೀಚು ಬಿಡುವಳು, ಮುಚ್ಚಳ ಬಿಗಿದು ತಲೆಕೆಳಗು ಮಾಡಿ ಸೋರುತ್ತದೆಯೇ ಎಂದು ಪರೀಕ್ಷಿಸುವಳು. ಹಳೆಯ ನೀರನ್ನು ನೆಲ ಒರೆಸಲು ಬಳಸಿ ಅದರ ಜಾಗಕ್ಕೆ ಹೊಸದನ್ನು ಇಡುವಳು. ಸೋಫಾದ ಹಿಂದೆ, ಕಪಾಟಿನ ಅಡಿ, ಹೊಲಿಗೆ ಮೆಷಿನಿನ ಕಾಲ ಸಂದಿಯಲ್ಲಿ, ಎಲ್ಲೆಲ್ಲಿ ಬಿಸಿಲು ಬೀಳುವುದಿಲ್ಲವೋ ಅಲ್ಲೆಲ್ಲ ನೀರು.

ಒಂದು ಮಂಗಳವಾರ ನಝೀರಾ ತನ್ನ ಮಂಚದ ಅಡಿಯಿಂದ ಚಳಿಗಾಲದ ಕಂಬಳಿಯ ಗಂಟು ಎಳೆಯಲು ಹೋದಳು. ಕೈಗೆ ಕಂಬಳಿ ಸಿಗಲಿಲ್ಲ, ತಣ್ಣನೆಯ ಪ್ಲಾಸ್ಟಿಕ್ಕು ಸಿಕ್ಕಿತು.

"ಲಮೀಸ್! ಬಾ ಇಲ್ಲಿ. ಇದೇನೇ ಇದು?"

"ನೀರು, ಅತ್ತೆ."

"ನೀರು ಅಂತ ನನಗೂ ಕಾಣತ್ತೆ. ನನ್ನ ಮಂಚದ ಕೆಳಗೆ ಯಾಕಿದೆ?"

"ಅಡುಗೆಮನೇಲಿ ಜಾಗ ಮುಗೀತು. ಇಲ್ಲಿ ತಂಪಾಗಿರತ್ತೆ, ಕೆಡಲ್ಲ."

"ಅಂದ್ರೆ ಇಷ್ಟು ದಿನ ನಾನು ನೀರಿನ ಮೇಲೆ ಮಲಗಿದ್ನಾ! ಅದಕ್ಕೇ ಬೆಳಗ್ಗೆ ಎದ್ರೆ ಸೊಂಟ ಹಿಡ್ಕೊಳ್ಳೋದು."

ಹಿಯಾಮ್ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಹಡಗಲ್ಲಿ ಮಲಗಿದೀನಿ ಅಂದ್ಕೋ, ಯಮ್ಮಾ. ಅತ್ತಿಗೆ ಇನ್ನೆರಡು ಕ್ಯಾನ್ ಇಟ್ರೆ ಬೆಳಗಾಗೋಷ್ಟರಲ್ಲಿ ಅಕಬಾ ಬಂದರು ಸೇರ್ತೀಯ."

"ನೀನು ಸುಮ್ನಿರು. ನೋಡು ಲಮೀಸ್, ನಮಗೆ ಮಾಳಿಗೆ ಮೇಲೆ ಎರಡು ಟ್ಯಾಂಕ್ ಇದೆ. ನಿನ್ನ ಮಾವ ದಿನಾ ಹೋಗಿ ಬಡಿದು ನೋಡಿ ಬರ್ತಾರೆ. ಇನ್ನೇನು ಬೇಕು ನಿನಗೆ?"

"ಟ್ಯಾಂಕ್ ಖಾಲಿ ಆದ್ರೆ?"

"ಮಂಗಳವಾರ ತುಂಬತ್ತೆ."

"ಮಂಗಳವಾರ ಬರದೆ ಹೋದ್ರೆ?"

ನಝೀರಾ ಸೊಂಟಕ್ಕೆ ಕೈಯಿಟ್ಟಳು. "ಬಾಯಲ್ಲಿ ಒಳ್ಳೇದು ಬರೋದೇ ಇಲ್ವಾ ನಿನಗೆ? ಹೀಗೆ ಕೂಡಿಟ್ಕೊಂಡು ಕಾಯ್ತಾ ಕೂತ್ರೆ ಕೆಟ್ಟದ್ದನ್ನ ನಾವೇ ಕರೆದ ಹಾಗಲ್ವಾ? ಆ ಯುದ್ಧಾನ ನಿಮ್ಮೂರಲ್ಲೇ ಬಿಟ್ಟು ಬಾ ಅಂತ ಎಷ್ಟು ಸಲ ಹೇಳ್ಲಿ?"

ಲಮೀಸ್ ಬಗ್ಗಿ ಬಾಟಲಿಗಳನ್ನು ಒಂದೊಂದಾಗಿ ಹೊರಗೆಳೆದು ಎದೆಗೊತ್ತಿಕೊಂಡು ಹೋದಳು. ಸಂಜೆಯ ಹೊತ್ತಿಗೆ ಅವು ತಾಲಾಳ ಆಟದ ಸಾಮಾನಿನ ಹಿಂದೆ ಇದ್ದವು.

ಅವಳು ನಿಂತಲ್ಲಿ ನಿಲ್ಲುವವಳಲ್ಲ. ಚಹಾ ಕುಡಿಯುವಾಗ ಲೋಟ ಅರ್ಧ ಮಾಡಿ ಎದ್ದು ಹೋಗುವಳು. ಅಡುಗೆಮನೆ ದಾಟುವಾಗೆಲ್ಲ ನಲ್ಲಿ ತಿರುಗಿಸಿ, ಒಂದು ಎಳೆ ನೀರು ಬಂದದ್ದು ಕಂಡು ಮುಚ್ಚುವಳು. "ನಲ್ಲಿ ಇನ್ನೂ ಅಲ್ಲೇ ಇದೆಯಾ?" ಎಂದು ಮರ್ವಾನ್ ತಮಾಷೆ ಮಾಡುತ್ತಿದ್ದ. ಅವಳು ನಗುತ್ತಿದ್ದಳು, ಮಾರನೆಯ ದಿನ ಮತ್ತೆ ತಿರುಗಿಸುತ್ತಿದ್ದಳು.

ಅದೇ ದಿನಗಳಲ್ಲಿ ಹಿಯಾಮಳಿಗೊಂದು ಸಂಬಂಧ ಬಂತು. ಹುಡುಗ ಔಷಧಿ ಅಂಗಡಿಯವನು. ಶುಕ್ರವಾರ ಹುಡುಗನ ತಾಯಿ ಮತ್ತು ಅಕ್ಕಂದಿರು ನೋಡಲು ಬರುವುದೆಂದಾಯಿತು. ನಝೀರಾ ಗುರುವಾರವೇ ಅಪ್ಪಣೆ ಹೊರಡಿಸಿದಳು. ಮನೆಯಲ್ಲಿ ಒಂದು ಬಾಟಲಿಯೂ ಕಾಣಬಾರದು.

ಮಾಳಿಗೆಯ ಮೆಟ್ಟಿಲ ತುದಿಯಲ್ಲಿ ಸಾಮಾನಿನ ಕೋಣೆಯೊಂದಿತ್ತು. ಫೌಝಿಯೇ ಸೊಸೆಯ ಜೊತೆ ಕ್ಯಾನು ಹೊತ್ತು ಮೇಲೆ ಹತ್ತಿಸಿದ. ಮಧ್ಯದಲ್ಲಿ ಏದುಸಿರು ಬಿಡುತ್ತ ಕೂತ.

"ಬಸ್ಸಿನ ಮೇಲೆ ಕುರಿ ಏರಿಸಿದ್ದೀನಿ, ಬೀರು ಏರಿಸಿದ್ದೀನಿ, ಒಂದ್ಸಲ ಮದುಮಗಳನ್ನೂ ಏರಿಸಿದ್ದೀನಿ. ನೀರಿನಷ್ಟು ಭಾರದ್ದು ಯಾವುದೂ ಇರ್ಲಿಲ್ಲ. ಇದೆಲ್ಲ ಎಷ್ಟು ದಿನಕ್ಕಾಗತ್ತಮ್ಮ?"

"ಕುಡಿಯೋಕೆ, ಅಡುಗೆಗೆ ಅಂದ್ರೆ ಎರಡು ವಾರದ ಮೇಲೆ ಆಗತ್ತೆ, ಮಾವ."

"ಸ್ನಾನಕ್ಕೆ?"

"ಸ್ನಾನ ಇದರಲ್ಲಿ ಸೇರಿಲ್ಲ."

"ಹಾಗಾದ್ರೆ ಮೊದಲ ವಾರವೇ ನಿಮ್ಮತ್ತೆ ನನ್ನನ್ನ ಬಿಟ್ಟು ಹೋಗ್ತಾಳೆ ಬಿಡು." ಅವನು ನಕ್ಕು ಮತ್ತೆ ಕ್ಯಾನೆತ್ತಿದ.

ಬಂದವರಿಗೆ ಏಲಕ್ಕಿ ಕಾಫಿ ಆಯಿತು, ಖರ್ಜೂರದ ಬಿಸ್ಕತ್ತಾಯಿತು, ಹುಡುಗಿಯನ್ನು ನೋಡಿದ್ದಾಯಿತು. ಹುಡುಗನ ತಾಯಿ ಕೈ ತೊಳೆಯಲು ಬಚ್ಚಲಿಗೆ ಹೋದಳು. ಬಾಗಿಲ ಹಿಂದೆ ಲಮೀಸ್ ಮರೆತೋ ಬೇಕೆಂದೋ ಬಿಟ್ಟ ಒಂದು ಸಾಲು ಬಾಟಲಿಗಳಿದ್ದವು. ಆಕೆ ನಗುತ್ತ ಹೊರಬಂದು, ಎಲ್ಲರೂ ಕರೆಯುವ ಹಾಗೆ ನಝೀರಾಳನ್ನು ಮಗನ ಹೆಸರಿನಿಂದ, ಮರ್ವಾನನ ತಾಯಿ ಎಂದು ಕರೆದಳು.

"ಉಮ್ಮು ಮರ್ವಾನ್, ನಿಮ್ಮನೇಗೇನು ಮುತ್ತಿಗೆ ಬಿದ್ದಿದೆಯಾ? ನಮ್ಮ ಹುಡುಗನ್ನ ಕಳಿಸಬಹುದು ತಾನೇ, ವಾಪಸ್ ಬಿಡ್ತೀರ ತಾನೇ?"

ಎಲ್ಲರೂ ನಕ್ಕರು. ನಝೀರಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವರು ಮೆಟ್ಟಿಲಿಳಿದು ಹೋಗುವವರೆಗೂ ನಗುತ್ತಲೇ ಇದ್ದವಳು ಬಾಗಿಲು ಹಾಕಿ ತಿರುಗಿದಾಗ ಮುಖ ಕೆಂಡವಾಗಿತ್ತು. ಗೋಡೆಯ ಮೊಳೆಯಿಂದ ಸಾಮಾನಿನ ಕೋಣೆಯ ಬೀಗದ ಕೈ ತೆಗೆದು ಸೊಸೆಯ ಮುಂದೆ ಮೇಜಿನ ಮೇಲೆ ಎಸೆದಳು.

"ತಗೋ. ಮಿಕ್ಕಿದ್ದನ್ನೂ ಅಲ್ಲೇ ತುಂಬಿ ಬೀಗ ಹಾಕು. ಕೈ ನಿನ್ನ ಹತ್ರಾನೇ ಇರ್ಲಿ. ಇನ್ಮೇಲೆ ಆ ನೀರಿನ ಮಾತು ನನ್ನ ಮುಂದೆ ಎತ್ತಬೇಡ. ಬಾಯಾರಿ ನಾಲಿಗೆ ಹೊರಗೆ ಬಂದ್ರೂ ನಾನು ನಿನ್ನ ಕೇಳಲ್ಲ."

ಲಮೀಸ್ ಬೀಗದ ಕೈಯನ್ನು ದಾರಕ್ಕೆ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಳು.

ಹುಡುಗನ ಕಡೆಯವರು ಒಪ್ಪಿದರು. ನಿಶ್ಚಿತಾರ್ಥಕ್ಕೆ ಮುಂದಿನ ತಿಂಗಳ ಮೊದಲ ಶುಕ್ರವಾರ ಗೊತ್ತಾಯಿತು. ಹಿಯಾಮ್ ಬಟ್ಟೆ ಹೊಲಿಸಲು ಕೊಟ್ಟು ಬಂದಳು. ಆ ವಾರದ ಮಂಗಳವಾರ ಪೈಪು ಬುಸುಗುಟ್ಟಿತು, ಕೆಮ್ಮಲಿಲ್ಲ. ಹೆಂಗಸರು ಬಕೆಟ್ಟು ಹಿಡಿದು ಮಧ್ಯಾಹ್ನದವರೆಗೆ ಕಾದರು. ಊರ ಹೊರಗೆ ದೊಡ್ಡ ಪೈಪು ಒಡೆದಿದೆಯಂತೆ, ಎರಡು ದಿನದಲ್ಲಿ ಸರಿಹೋಗುತ್ತದಂತೆ ಎಂದು ಅಂಗಡಿಯವನು ಹೇಳಿದ. ಎರಡು ದಿನದ ಮೇಲೆ ಅವನೇ, ಇನ್ನೂ ಒಂದು ಕಡೆ ಒಡೆದಿದೆಯಂತೆ ಎಂದ.

ಫೌಝಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಳಿಗೆ ಹತ್ತಿ ಟ್ಯಾಂಕನ್ನು ಬೆರಳ ಗಿಣ್ಣಿನಿಂದ ಬಡಿಯುವನು. ಟೊಳ್ಳು ಸದ್ದು ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ನಝೀರಾ ಮನೆಯಲ್ಲಿ ಕಾನೂನು ಮಾಡಿದಳು. ಒಬ್ಬರಿಗೆ ಒಂದೇ ಲೋಟ, ಅದನ್ನು ತೊಳೆಯುವ ಹಾಗಿಲ್ಲ. ಅನ್ನಕ್ಕೆ ಬೇಳೆ ಸೇರಿಸಿ ಒಂದೇ ಪಾತ್ರೆಯಲ್ಲಿ ಬೇಯಿಸಿ, ಒಂದೇ ತಟ್ಟೆಯ ಸುತ್ತ ಎಲ್ಲರೂ ಕೂತು ತಿನ್ನಬೇಕು. ಕೈ ತೊಳೆದ ನೀರು ಬಕೆಟ್ಟಿಗೆ, ಬಕೆಟ್ಟಿನ ನೀರು ಕಕ್ಕಸಿಗೆ.

"ನನ್ನ ಲೋಟದಲ್ಲಿ ಯಾರು ಕುಡಿದ್ರು?" ಎಂದು ಹಿಯಾಮ್ ಕೂಗುವಳು.

"ನಾನಲ್ಲ," ಎಂದು ಫೌಝಿ ಮೀಸೆ ಒರೆಸಿಕೊಳ್ಳುವನು.

"ಯಾಬಾ, ಅದರಲ್ಲಿ ಸಿಗರೇಟಿನ ವಾಸನೆ ಬರ್ತಿದೆ!"

"ಮರ್ವಾನೂ ಸೇದ್ತಾನೆ."

"ನನ್ನ ಮೇಲೆ ಯಾಕೆ ಹಾಕ್ತೀಯ, ಯಾಬಾ?"

ಎರಡನೆಯ ಮಂಗಳವಾರವೂ ನೀರು ಬರಲಿಲ್ಲ. ಟ್ಯಾಂಕರಿನವರು ಫೋನು ಎತ್ತುತ್ತಿರಲಿಲ್ಲ. ಎತ್ತಿದವರು ಕೇಳುವ ದಿನಾರುಗಳಿಗೆ ಒಪ್ಪಿಕೊಂಡರೂ, ನಾಳೆ ಎಂದು ಹೇಳಿ ಬರುತ್ತಿರಲಿಲ್ಲ. ಮರ್ವಾನ್ ಕೆಲಸ ಬಿಟ್ಟು ಎರಡು ದಿನ ಟ್ಯಾಂಕರುಗಳ ಹಿಂದೆ ಅಲೆದ. ಅಂಗಡಿಗಳಲ್ಲಿ ಬಾಟಲಿ ನೀರು ಮುಗಿದುಹೋಯಿತು. ಮಸೀದಿಯ ನಲ್ಲಿಯ ಮುಂದೆ ಕ್ಯಾನುಗಳ ಸಾಲು ಬೀದಿಯ ತಿರುವಿನವರೆಗೆ ಬಂತು. ಆಮೇಲೆ ಅದೂ ಒಣಗಿತು.

ಫೌಝಿಯ ಮನೆಯಲ್ಲಿ ಕುಡಿಯಲು ನೀರಿತ್ತು. ಲಮೀಸ್ ಬೆಳಗ್ಗೆ ಎದ್ದು ಮೇಲೆ ಹೋಗಿ, ಒಂದು ಕ್ಯಾನು ತಂದು ಅಡುಗೆಮನೆಯಲ್ಲಿಟ್ಟು, ಮತ್ತೆ ಹೋಗಿ ಬೀಗ ಜಗ್ಗಿ ನೋಡಿ ಬರುತ್ತಿದ್ದಳು. ನಝೀರಾ ಆ ಕ್ಯಾನನ್ನು ನೋಡದವಳ ಹಾಗೆ ಅದರಿಂದ ಚಹಾಕ್ಕೆ ನೀರು ಬಗ್ಗಿಸಿಕೊಳ್ಳುತ್ತಿದ್ದಳು. ಕೇಳಲಿಲ್ಲ, ಬೇಡವೆನ್ನಲೂ ಇಲ್ಲ. ಎರಡನೆಯ ವಾರದ ಕೊನೆಗೆ ಕ್ಯಾನು ಮುಕ್ಕಾಲು ಆಯಿತು, ಆಮೇಲೆ ಅರ್ಧ.

"ಅತ್ತಿಗೆ, ಇದೇನು, ಸಣ್ಣದಾಗ್ತಾ ಇದೆ?" ಹಿಯಾಮ್ ಕೇಳಿದಳು. ಅವಳ ನಿಶ್ಚಿತಾರ್ಥ ಮುಂದಕ್ಕೆ ಹೋಗಿತ್ತು. ತಲೆ ತೊಳೆಯದೆ ಹತ್ತು ದಿನವಾಗಿ, ಮನೆಯೊಳಗೂ ಸ್ಕಾರ್ಫು ಕಟ್ಟಿಕೊಂಡು ಕೂರುತ್ತಿದ್ದಳು.

"ಇನ್ನೂ ಕೆಟ್ಟ ದಿನ ಬರಬಹುದು."

"ಇದಕ್ಕಿಂತಾನಾ?"

"ಇದೇನು ಕೆಟ್ಟದ್ದು? ಇನ್ನೂ ಬೇಳೆ ಬೇಯಿಸ್ತಿದ್ದೀವಿ."

ನಝೀರಾ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು. "ಮುಗಿಯೋ ಮುಂಚೇನೇ ಹೇಗೆ ಕಮ್ಮಿ ಮಾಡ್ತಾಳೆ ನೋಡು. ಮಗೂಗೆ ಹಾಲು ಬಿಡಿಸೋ ಹಾಗೆ ಬಿಡಿಸ್ತಿದ್ದಾಳೆ ನಮಗೆ ನೀರಿನ ರೂಢಿ."

ಕೆಳಗಿನ ಎರಡನೆಯ ಮಹಡಿಯಲ್ಲಿ ಉಮ್ಮು ಬಸ್ಸಾಮ್ ಇದ್ದಳು. ಓಣಿಯಲ್ಲಿ ಅವಳ ನಾಲಿಗೆಗೆ ಸಿಗದವರಿಲ್ಲ. ಲಮೀಸಳ ಹೆಸರನ್ನು ಅವಳು ಒಮ್ಮೆಯೂ ಹೇಳಿದ್ದಿಲ್ಲ, "ಆ ಸಿರಿಯಾದವಳು" ಎಂದೇ ಕರೆಯುವಳು. ಒಂದು ಸಲ ಮೆಟ್ಟಿಲ ಮೇಲೆ ನಾಲ್ಕು ಜನರ ಮುಂದೆ, "ಇವರೆಲ್ಲ ಬಂದು ಸೇರಿದ ಮೇಲೇ ನಮ್ಮ ನಲ್ಲೀಲಿ ನೀರು ಕಡಿಮೆ ಆಗಿದ್ದು. ಮೊದಲು ವಾರಕ್ಕೆ ಎರಡು ಸಲ ಬರ್ತಿತ್ತು," ಎಂದಿದ್ದಳು. ಲಮೀಸ್ ತಾಲಾಳ ಕೈ ಹಿಡಿದು ಅಲ್ಲೇ ಹತ್ತುತ್ತಿದ್ದಳು. ನಝೀರಾಳೂ ಇದ್ದಳು.

ಈಗ ಉಮ್ಮು ಬಸ್ಸಾಮಳ ಮಗಳು ರಾವಿಯಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಆಪರೇಷನ್ ಮಾಡಿ ಮಗು ತೆಗೆದಿದ್ದರು. ಬಾಣಂತಿ ಮನೆಗೆ ಬರುವುದಕ್ಕೂ ಟ್ಯಾಂಕಿನ ತಳ ಕಾಣುವುದಕ್ಕೂ ಸರಿಹೋಯಿತು. ಒಂದು ಮಧ್ಯಾಹ್ನ ಉಮ್ಮು ಬಸ್ಸಾಮ್ ಖಾಲಿ ಕ್ಯಾನು ಹಿಡಿದು ಮೇಲೆ ಬಂದಳು. ಕ್ಯಾನನ್ನು ಸೆರಗಿನ ಮರೆಯಲ್ಲಿಟ್ಟುಕೊಂಡ ಹಾಗೆ ಉದ್ದ ಕೋಟಿನ ಹಿಂದೆ ಹಿಡಿದಿದ್ದಳು.

"ಉಮ್ಮು ಮರ್ವಾನ್, ಬೇರೆ ಯಾರಿಗಾದ್ರೂ ಆಗಿದ್ರೆ ಬರ್ತಿರ್ಲಿಲ್ಲ. ಟ್ಯಾಂಕಿನ ಅಡೀಲಿ ಇರೋದು ಬರೀ ಕೆಸರು. ಅದರಲ್ಲೇ ಮಗೂನ ಒರೆಸಿದೆ, ಮೈಯೆಲ್ಲ ಗುಳ್ಳೆ ಎದ್ದಿದೆ. ರಾವಿಯಾಗೆ ಹೊಲಿಗೆ ಹಾಕಿದ ಜಾಗ ತೊಳ್ಕೊಳ್ಳೋಕೂ ಇಲ್ಲ. ಅವಳ ಗಂಡ ಮಫ್ರಕ್ಕಿನವರೆಗೆ ಹೋಗಿ ಬಂದ, ಖಾಲಿ ಕೈ."

ನಝೀರಾಳ ಮನೆ ಬಾಗಿಲಿಗೆ ಬಂದು ಯಾರೂ ಖಾಲಿ ಕೈಯಲ್ಲಿ ಹೋದದ್ದಿಲ್ಲ. ಅವಳು ಯೋಚಿಸಲೇ ಇಲ್ಲ.

"ಅಯ್ಯೋ, ಬಾಣಂತಿ ಅಂದ್ಮೇಲೆ ಕೇಳ್ಬೇಕಾ? ಎರಡು ಕ್ಯಾನ್ ಕಳಿಸ್ತೀನಿ ನಡಿ. ಮರ್ವಾನ್ ಬರ್ಲಿ, ಹೊತ್ಕೊಂಡು ಬರ್ತಾನೆ."

"ಇಲ್ಲ, ಅತ್ತೆ."

ಲಮೀಸ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈ ಕುತ್ತಿಗೆಯ ದಾರದ ಮೇಲಿತ್ತು.

"ಏನಿಲ್ಲ?"

"ಕೊಡೋಕಾಗಲ್ಲ. ಮನೆಗೆ ಸಾಕಾಗೋಷ್ಟೇ ಇದೆ."

ಉಮ್ಮು ಬಸ್ಸಾಮ್ ಇಬ್ಬರ ಮುಖವನ್ನೂ ನೋಡಿದಳು. ಖಾಲಿ ಕ್ಯಾನನ್ನು ಮತ್ತೆ ಕೋಟಿನ ಹಿಂದೆ ಸರಿಸಿಕೊಂಡು ಕೆಳಗಿಳಿದುಹೋದಳು. ಕ್ಯಾನು ಮೆಟ್ಟಿಲ ಕಟಾಂಜನಕ್ಕೆ ಬಡಿಯುತ್ತ ಹೋದ ಸದ್ದು ಕೇಳಿಸುತ್ತಿತ್ತು.

"ನನ್ನ ಮನೇಲಿ, ನನ್ನ ಬಾಗಿಲಲ್ಲಿ, ನಾನು ಕೊಟ್ಟ ಮಾತು!" ನಝೀರಾ ಸೊಸೆಯ ಕಡೆ ತಿರುಗಿದಳು. "ನಾಳೆ ಓಣೀಲಿ ಮುಖ ಎತ್ಕೊಂಡು ಹೇಗೆ ನಡೀಲಿ? ಬಾಣಂತಿಗೆ ನೀರು ಇಲ್ಲ ಅಂದೋರು ಅಂತ ಅನ್ನಿಸ್ಕೊಂಡು?"

"ನನ್ನನ್ನ ಏನೇನು ಅಂದಿದ್ದಾರೋ ಅದಕ್ಕೆ ಯಾರ ಮುಖಾನೂ ಕೆಳಗಾಗ್ಲಿಲ್ಲ."

"ಅವಳು ಅಂದಳು ಅಂತ ಹಸುಗೂಸಿನ ಮೇಲೆ ತೀರಿಸ್ಕೊಳ್ತೀಯಾ?"

"ತೀರಿಸ್ಕೊಳ್ತಾ ಇಲ್ಲ! ಕೊಟ್ರೆ ಮುಗಿದು ಹೋಗತ್ತೆ, ಅತ್ತೆ. ಒಬ್ಬರಿಗೆ ಕೊಟ್ರೆ ಇಡೀ ಕಟ್ಟಡ ಬರತ್ತೆ. ಆಮೇಲೆ ತಾಲಾ ಕೇಳಿದ್ರೆ ಏನು ಕೊಡ್ಲಿ?"

ಇದೇ ಹೊತ್ತಿಗೆ ಮರ್ವಾನ್ ಬಂದ. ಬೆಳಗಿನಿಂದ ಬಿಸಿಲಲ್ಲಿ ಯಾರದೋ ಮಾಳಿಗೆಯ ಮೇಲೆ ಏಸಿ ಬಿಚ್ಚಿ, ಕೈ ತೊಳೆಯಲು ನೀರಿಲ್ಲದೆ ಗ್ರೀಸಿನ ಕೈಯಲ್ಲೇ ಬಂದಿದ್ದ. ಇಬ್ಬರೂ ಒಟ್ಟಿಗೆ ಹೇಳಿದ್ದನ್ನು ಕೇಳಿಸಿಕೊಂಡು ಹೆಂಡತಿಯ ಮುಂದೆ ಕೈ ಚಾಚಿದ.

"ಬೀಗದ ಕೈ ಕೊಡು."

"ಕೊಡಲ್ಲ."

"ಲಮೀಸ್, ನನಗೆ ಸಾಕಾಗಿದೆ ಇವತ್ತು. ಕೊಡು."

ಅವಳು ಕದಲಲಿಲ್ಲ. ಅವನು ಸಾಮಾನಿನ ಪೆಟ್ಟಿಗೆ ತೆರೆದು ಉದ್ದ ಹಿಡಿಯ ಇಕ್ಕಳ ತೆಗೆದ.

"ಬೀಗ ಮುರಿದ್ರೆ ನಾನು ತಾಲಾನ ಕರ್ಕೊಂಡು ಈಗ್ಲೇ ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ?" ಮರ್ವಾನ್ ಕೂಗಿದ. "ಎಲ್ಲಿದೆ ನಿನಗೆ ಮನೆ? ಯಾರಿದ್ದಾರೆ ನಿನಗೆ?"

ಮಾತು ಹೊರಗೆ ಬಿದ್ದ ಮೇಲೆ ಅವನಿಗೂ ಅದು ಕೇಳಿಸಿತು. ಹಿಯಾಮ್ ಕೋಣೆಯಿಂದ ಹೊರಬಂದವಳು ಅಲ್ಲೇ ನಿಂತಳು. ತಾಲಾ ಸೋಫಾದ ಮೂಲೆಯಲ್ಲಿ ಗೊಂಬೆಯ ಕಾಲು ಹಿಡಿದು ಕೂತಿತ್ತು. ಲಮೀಸ್ ಅಳಲಿಲ್ಲ. ಮಗುವಿನ ಚಪ್ಪಲಿ ಎಲ್ಲಿದೆ ಎಂದು ಹುಡುಕತೊಡಗಿದಳು.

"ಇಕ್ಕಳ ಕೆಳಗಿಡು," ಎಂದಳು ನಝೀರಾ.

"ಯಮ್ಮಾ, ನಿನಗೋಸ್ಕರಾನೇ ತಾನೆ..."

"ಕೆಳಗಿಡು ಅಂದೆ! ನನ್ನ ಹೊಟ್ಟೇಲಿ ಹುಟ್ಟಿದೋನ ಬಾಯಲ್ಲಿ ಇಂಥ ಮಾತು ಬಂತಲ್ಲ. ಯಾರಿದ್ದಾರೆ ಅಂತ ಕೇಳ್ತೀಯಾ? ನಾನಿದ್ದೀನಿ. ನಾನು ಇವಳ ಜೊತೆ ಜಗಳ ಆಡ್ತೀನಿ, ನಾಳೇನೂ ಆಡ್ತೀನಿ, ಅದು ನನ್ನ ಇವಳ ಮಧ್ಯೆ. ಮನೆ ಎಲ್ಲಿದೆ ಅಂತ ಇವಳನ್ನ ಕೇಳೋ ಹಕ್ಕು ನಿನಗೆ ಯಾರು ಕೊಟ್ರು? ಇವಳು ಹೊರಟ್ರೆ ನಾನೂ ಹೊರಡ್ತೀನಿ. ಅಪ್ಪ ಮಗ ಬೇಯಿಸ್ಕೊಂಡು ತಿನ್ನಿ."

"ನಾನೇನು ಮಾಡಿದೆ?" ಎಂದ ಫೌಝಿ ಬಾಲ್ಕನಿಯಿಂದ.

"ನೀವು ಸುಮ್ಮನೆ ಕೂತ್ರಿ. ಅದೂ ಒಂದು ಮಾಡೋದೇ."

ಅವಳು ಸೊಸೆಯ ಕೈಯಿಂದ ತಾಲಾಳ ಚಪ್ಪಲಿ ಕಸಿದು ಮೂಲೆಗೆ ಎಸೆದಳು. ಆಮೇಲೆ ತಲೆವಸ್ತ್ರ ಸರಿಮಾಡಿಕೊಂಡು ಒಬ್ಬಳೇ ಕೆಳಗಿಳಿದಳು. ಉಮ್ಮು ಬಸ್ಸಾಮಳ ಬಾಗಿಲಲ್ಲಿ ನಿಂತು ಅವಳು ಹೇಳಿದ್ದನ್ನು ಕೆಳಮನೆಯವರು ಆಮೇಲೆ ಓಣಿಗೆಲ್ಲ ಹೇಳಿದರು. "ನನ್ನ ಮಾತು ವಾಪಸ್ ತಗೊಳ್ತೀನಿ, ಉಮ್ಮು ಬಸ್ಸಾಮ್. ಕೊಡೋ ನೀರು ನನ್ನದಾಗಿರ್ಲಿಲ್ಲ. ನನ್ನ ಸೊಸೇದು. ಅವಳು ಬಾಟಲಿ ತೊಳೆಯುವಾಗ ನಾನು ನಗ್ತಿದ್ದೆ. ಅವಳು ಕೊಟ್ರೆ ಉಂಟು, ಇಲ್ಲಾಂದ್ರೆ ಇಲ್ಲ." ಕೊಟ್ಟ ಮಾತು ಹಿಂದಕ್ಕೆ ತಗೊಂಡದ್ದು ನಝೀರಾ ತನ್ನ ಜೀವಮಾನದಲ್ಲಿ ಅದೊಂದೇ ಸಲ.

ಮರುದಿನ ಬೆಳಗ್ಗೆ ಮರ್ವಾನ್ ಬಿಸಿ ಫಲಾಫೆಲ್ ವಡೆಯ ಪೊಟ್ಟಣ ತಂದು ಹೆಂಡತಿಯ ಮುಂದಿಟ್ಟ.

"ತಪ್ಪಾಯ್ತು. ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ."

"ಒಳಗಿತ್ತು, ಬಂತು."

"ಲಮೀಸ್..."

"ನೀರು ಬಂದ ಮೇಲೆ ಮಾತಾಡೋಣ. ಈಗ ಬೇಡ." ಪೊಟ್ಟಣವನ್ನು ತಾಲಾಳ ಕಡೆಗೆ ತಳ್ಳಿ ಮಾಳಿಗೆಗೆ ಹೋದಳು.

ಮಧ್ಯಾಹ್ನವಾದರೂ ಅವಳು ಕೆಳಗೆ ಬರಲಿಲ್ಲ. ನಝೀರಾ ಒಂದು ತಟ್ಟೆಯಲ್ಲಿ ಬೇಳೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಸ್ಟೂಲು ಹಿಡಿದು ಮೆಟ್ಟಿಲೇರಿ ಹೋದಳು. ಸಾಮಾನಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಸೊಸೆ ನೆಲದ ಮೇಲೆ ಕೂತಿದ್ದಳು. ನಝೀರಾ ಸ್ಟೂಲು ಹಾಕಿಕೊಂಡು ಬೇಳೆಯಲ್ಲಿ ಕಲ್ಲು ಆರಿಸತೊಡಗಿದಳು. ತಟ್ಟೆ ಅರ್ಧವಾಯಿತು.

"ಅಲ್ಲಿ, ನಿಮ್ಮೂರಲ್ಲಿ ಏನಾಯ್ತು? ಏಳು ವರ್ಷ ಆಯ್ತು ನೀನು ಬಂದು, ನಾನು ಕೇಳೇ ಇಲ್ಲ."

"ಏನೂ ಆಗ್ಲಿಲ್ಲ, ಅತ್ತೆ. ಎಲ್ಲರಿಗೂ ಆದದ್ದೇ."

"ಎಲ್ಲರ ಕತೆ ಟೀವೀಲಿ ನೋಡಿದ್ದೀನಿ. ನಿನ್ನದು ಹೇಳು."

ಲಮೀಸ್ ಮೊಣಕಾಲಿನ ಮೇಲೆ ಬಿದ್ದ ಸುಣ್ಣದ ಪುಡಿ ಒರೆಸಿಕೊಂಡಳು. "ಊರಿಗೆ ಮುತ್ತಿಗೆ ಬಿದ್ದಾಗ ನಮ್ಮಮ್ಮನ ಹತ್ರ ಕೊನೇಗೆ ಒಂದು ಕ್ಯಾನ್ ಉಳಿದಿತ್ತು. ಮುಚ್ಚಳಕ್ಕೆ ಬಟ್ಟೆ ಸುತ್ತಿ ಕಟ್ಟಿದ್ಲು. ಇದನ್ನ ಎಲ್ಲಕ್ಕಿಂತ ಕೆಟ್ಟ ದಿನಕ್ಕೆ ಅಂತ ಇಟ್ಟಿದ್ದೀನಿ, ಯಾರೂ ಮುಟ್ಟಬೇಡಿ ಅಂತಿದ್ಲು. ನಾವು ಕೊಳೆತ ನೀರು ಬಟ್ಟೇಲಿ ಸೋಸಿ ಕುಡೀತಿದ್ವಿ. ನನ್ನ ತಮ್ಮ ಸಣ್ಣವನು, ದಿನಾ ಆ ಕ್ಯಾನಿನ ಪಕ್ಕ ಹೋಗಿ ಮಲಗೋನು, ತಣ್ಣಗಿರತ್ತೆ ಅಂತ. ಆಮೇಲೆ ಒಂದು ದಿನ ಚಿಕ್ಕಪ್ಪ ಪಿಕಪ್ ಗಾಡಿ ತಂದು, ಈಗ್ಲೇ ಹೊರಡಿ, ಜನ ಮಾತ್ರ, ಸಾಮಾನು ಬೇಡ ಅಂದ. ಅಮ್ಮ ಮನೆಗೆ ಬೀಗ ಹಾಕಿದ್ಲು."

"ಕ್ಯಾನು?"

"ಒಳಗೇ. ತುಂಬಿದ್ದು ತುಂಬಿದ ಹಾಗೆ. ದಾರಿ ಉದ್ದಕ್ಕೂ ತಮ್ಮ ನೀರು ನೀರು ಅಂತಿದ್ದ. ಅಮ್ಮ ಬೀಗದ ಕೈ ಹಿಡ್ಕೊಂಡು ಕೂತಿದ್ಲು."

"ತಮ್ಮ?"

"ಚೆನ್ನಾಗಿದ್ದಾನೆ. ಟರ್ಕೀಲಿದ್ದಾನೆ, ಗೋಡೆಗೆ ಬಣ್ಣ ಹೊಡೀತಾನೆ. ಅವನಿಗೆ ಅದೆಲ್ಲ ನೆನಪೇ ಇಲ್ಲ. ಫೋನಲ್ಲಿ ಹೇಳಿದ್ರೆ ನಗ್ತಾನೆ. ಅಮ್ಮ ಮಾತ್ರ ಕ್ಯಾಂಪಲ್ಲಿ ಸಾಯೋವರೆಗೂ ಅದನ್ನೇ ಹೇಳಿದ್ಲು. ಕುಡಿಸಬೇಕಿತ್ತು ಅಂತ."

ನಝೀರಾ ಕಲ್ಲೊಂದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ, ಮಾಳಿಗೆಯಾಚೆ ಎಸೆದಳು. "ಅವತ್ತು ಮೆಟ್ಟಿಲ ಮೇಲೆ ಉಮ್ಮು ಬಸ್ಸಾಮ್ ಹಾಗಂದಾಗ ನಾನಿದ್ದೆ. ಬಾಯಿ ಬಿಡಬೇಕಿತ್ತು, ಬಿಡ್ಲಿಲ್ಲ. ನೆರೆಹೊರೆ ಯಾಕೆ ಕೆಡಿಸ್ಕೊಳ್ಳೋದು ಅಂತ ನೋಡ್ದೆ." ತಟ್ಟೆ ಎತ್ತಿಕೊಂಡು ಮೊಣಕಾಲು ಹಿಡಿದು ಎದ್ದಳು. "ಕೊಡಬೇಡ ಅನ್ಸಿದ್ರೆ ಕೊಡಬೇಡ. ನಿನ್ನ ಮೇಲೆ ಯಾರೂ ಕೂಗಲ್ಲ ಇನ್ನು. ಊಟಕ್ಕೆ ಬಾ, ತಾಲಾ ಕಾಯ್ತಿದೆ."

ಲಮೀಸ್ ಊಟಕ್ಕೆ ಬಂದಳು. ಎರಡು ತುತ್ತು ತಿಂದು ಎದ್ದಳು, ಮತ್ತೆ ಕೂತಳು. ಮೆಟ್ಟಿಲ ಸಂದಿಯಿಂದ ರಾವಿಯಾಳ ಮಗುವಿನ ಅಳು ಬರುತ್ತಿತ್ತು. ಹಸಿವಿನ ಅಳುವಲ್ಲ, ಉರಿಯ ಅಳು. ನಿಂತಹಾಗೆ ಮಾಡಿ ಮತ್ತೆ ಶುರುವಾಗುತ್ತಿತ್ತು. ಹಿಯಾಮ್ ಎದ್ದು ಬಾಗಿಲು ಹಾಕಲು ಹೋದಳು.

"ಹಾಕಬೇಡ," ಎಂದಳು ಲಮೀಸ್.

ಎದ್ದು ಮಾಳಿಗೆಗೆ ಹೋದಳು. ಬೀಗ ತೆಗೆದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಮರ್ವಾನ್ ಏಳಲು ಹೋದ, ನಝೀರಾ ಕಣ್ಣಲ್ಲೇ ಕೂರಿಸಿದಳು. ಕೊನೆಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ಭಾರದ ಹೆಜ್ಜೆ, ಒಂದೊಂದು ಮೆಟ್ಟಿಲಿಗೂ ನಿಂತು ನಿಂತು. ಲಮೀಸ್ ತುಂಬಿದ ಕ್ಯಾನನ್ನು ಎರಡು ಕೈಯಲ್ಲಿ ಹಿಡಿದು ಇಳಿಯುತ್ತಿದ್ದಳು. ಬಾಗಿಲ ಹತ್ತಿರ ಬಂದಾಗ ನಝೀರಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಕ್ಯಾನಿನ ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಒಂದು ಮಹಡಿ ಇಳಿದರು.

ಉಮ್ಮು ಬಸ್ಸಾಮ್ ಬಾಗಿಲು ತೆಗೆದಳು. ಕ್ಯಾನನ್ನು ನೋಡಿದಳು, ಅದನ್ನು ಹಿಡಿದವಳನ್ನು ನೋಡಿದಳು. ತುಟಿ ಅಲುಗಿತು. "ಒಳಗೆ ಬಾ, ಲಮೀಸ್," ಎಂದಳು.

ರಾವಿಯಾ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದಳು, ಕೂದಲು ಅಂಟಂಟಾಗಿ, 'ಮುಟ್ಟಿದರೆ ಅಳುತ್ತೇನೆ' ಎನ್ನುವ ಮುಖದಲ್ಲಿ. ಮಗು ಬಟ್ಟೆಯೊಳಗೆ ಕೆಂಪಗೆ ಒದ್ದಾಡುತ್ತಿತ್ತು. ಲಮೀಸ್ ಸ್ಟವ್ ಎಲ್ಲಿದೆ ಎಂದು ಕೇಳಿ ತಾನೇ ನೀರು ಕಾಯಲಿಟ್ಟಳು, ತಣ್ಣೀರು ಬೆರೆಸಿ ಮೊಣಕೈ ಅದ್ದಿ ನೋಡಿದಳು. ಮೊದಲು ಬಾಣಂತಿಗೆಂದು ಒಂದು ಬಕೆಟ್ಟು ತೆಗೆದಿಟ್ಟಳು. ಆಮೇಲೆ ಅಗಲದ ಟಬ್ಬನ್ನು ನೆಲದ ಮೇಲಿಟ್ಟು, ಮಗುವನ್ನು ನಝೀರಾಳ ಕಾಲ ಮೇಲೆ ಮಲಗಿಸಿ, ಮಗ್ಗಿನಿಂದ ನೀರು ಹೊಯ್ಯತೊಡಗಿದಳು. ಮೊದಲ ಮಗ್ಗಿನಲ್ಲಿ ಅರ್ಧ ನೀರು ನೆಲಕ್ಕೆ ಚೆಲ್ಲಿತು. ಎರಡನೆಯ ಮಗ್ಗಿಗೆ ಮಗು ಅಳುವುದನ್ನು ಒಮ್ಮೆಲೇ ನಿಲ್ಲಿಸಿ, ಬೆಚ್ಚಿದ ಹಾಗೆ ಕೈ ಎರಡೂ ಅಗಲಿಸಿತು. ನಝೀರಾ ಸೋಪು ಹಚ್ಚಿ, ಕತ್ತಿನ ಮಡಿಕೆ, ಕಂಕುಳು, ಕಿವಿಯ ಹಿಂದೆ ಎಲ್ಲ ಬೆರಳಾಡಿಸಿದಳು.

ಕ್ಯಾನು ಖಾಲಿಯಾಗುತ್ತ ಬಂದದ್ದನ್ನು ಉಮ್ಮು ಬಸ್ಸಾಮ್ ಗೋಡೆಗೊರಗಿ ನೋಡುತ್ತಿದ್ದಳು. ತಡೆಯಲಾಗದೆ ಬಂದು ಲಮೀಸಳ ಭುಜ ಮುಟ್ಟಿದಳು.

"ಸಾಕು ಮಗಳೇ, ಸಾಕು. ಮುಗಿದು ಹೋಗತ್ತೆ."

"ಮುಗೀಲಿ. ತಲೇಲಿ ಇನ್ನೂ ಸೋಪಿದೆ," ಎಂದು ಲಮೀಸ್ ಮತ್ತೆ ಮಗ್ಗು ಮುಳುಗಿಸಿದಳು.